ಹಬ್ಬ ಮುಗಿದ ಮೇಲೂ ಮನಸ್ಸು ಏಳದಿದ್ದರೆ: ಊರಿನಲ್ಲೇ ನೆರವು ಹುಡುಕುವ ಬಗೆ

ಬಲಿಪಾಡ್ಯಮಿ ಕಳೆದ ಮೊದಲ ಭಾನುವಾರ ಸಂಜೆ ಯಾವುದಾದರೂ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಬೆಂಗಳೂರಿನ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಕ್ಕುಲಿ ಡಬ್ಬ, ತೆಂಗಿನಕಾಯಿ ಚೀಲ, ತೊಡೆಯ ಮೇಲೆ ನಿದ್ದೆಹೋದ ಮಗು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ, ಬೀಳ್ಕೊಡಲು ಬಂದಿದ್ದ ಇಬ್ಬರು ಮುದುಕರು ಆಟೋ ಹಿಡಿದು ಮನೆಗೆ ವಾಪಸಾಗುತ್ತಾರೆ. ಹಾಸನ ಸೀಮೆಯ ನಮ್ಮೂರಿನಲ್ಲಿ ಹಾಗೆ ವಾಪಸಾದವರು ನನ್ನ ದೊಡ್ಡಪ್ಪ, ದೊಡ್ಡಮ್ಮ.

ಐದು ದಿನ ಹನ್ನೊಂದು ಜನ ಇದ್ದ ಮನೆಯಲ್ಲಿ ಇಬ್ಬರೇ ಉಳಿದರು. ವಾರ ಕಳೆಯುವಷ್ಟರಲ್ಲಿ ದೊಡ್ಡಮ್ಮ ಹೂ ಕೀಳುವುದನ್ನು ಬಿಟ್ಟರು. ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ಏಳುತ್ತಿದ್ದರು. ಬೆಳಗಿನ ಜಾವ ಮೂರಕ್ಕೇ ಎಚ್ಚರ. "ಹಬ್ಬದ ಸುಸ್ತು, ನಾಲ್ಕು ದಿನ ಮಲಗಿದರೆ ಸರಿಹೋಗುತ್ತದೆ" ಎಂದು ದೊಡ್ಡಪ್ಪ ಹೇಳಿದರು, ನಾವೂ ಒಪ್ಪಿದೆವು. ಎದೆಯುರಿ, ಹೊಟ್ಟೆಯುಬ್ಬರ ಎಂದದ್ದಕ್ಕೆ ಪಕ್ಕದ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಎರಡು ಸಲ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳುಹಿಸಿದರು. ಫೋನಿನಲ್ಲಿ ನಾನು ಕೇಳಿದಾಗಲೆಲ್ಲ "ಚೆನ್ನಾಗಿದ್ದೇನೆ ಕಣಪ್ಪ" ಎಂಬ ಉತ್ತರ. ಹೀಗೆ ಆರು ವಾರ ಕಳೆದವು. ಆಮೇಲೆ ಸಿಕ್ಕಿದ ನೆರವು ಬೆಂಗಳೂರಿನದ್ದಲ್ಲ, ಮನೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಯದ್ದು. ಅದು ಅಲ್ಲಿ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಆ ಆರು ವಾರ ನಿಮಗೂ ವ್ಯರ್ಥವಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು: ಸುಸ್ತೋ, ಅದಕ್ಕಿಂತ ಹೆಚ್ಚಿನದೋ?

ಹಬ್ಬ ಮುಗಿದಾಗ ಮನೆ ಭಣಗುಡುವುದು, ಮನಸ್ಸು ಸಪ್ಪಗಾಗುವುದು ಸಹಜ. ಅದಕ್ಕೆಲ್ಲ ಆಸ್ಪತ್ರೆ ಬೇಡ. ನಿದ್ದೆ ಸರಿಯಾಗಿ, ಸಿಹಿ ಖಾಲಿಯಾಗಿ, ಕೆಲಸ ಮತ್ತೆ ಹಳಿಗೆ ಬಂದರೆ ಸಾಮಾನ್ಯವಾಗಿ ಅದೂ ಇಳಿಯುತ್ತದೆ. ವೈದ್ಯರು ನೋಡುವ ಗಡುವು ಎರಡು ವಾರ. ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಅಥವಾ ಹಸಿವು ಕೆಡುವುದು, ಸಣ್ಣ ಕೆಲಸಕ್ಕೂ ಮೈ ಏಳದಿರುವುದು, "ನನ್ನಿಂದ ಯಾರಿಗೆ ಏನು ಉಪಯೋಗ" ಎಂಬ ಮಾತು ಮತ್ತೆ ಮತ್ತೆ ಬರುವುದು ಕಂಡರೆ ತೋರಿಸಲೇಬೇಕು.

ನಮ್ಮ ಜನ, ಅದರಲ್ಲೂ ಹಿರಿಯರು, ಮನಸ್ಸಿನ ನೋವನ್ನು ಮನಸ್ಸಿನ ಮಾತಿನಲ್ಲಿ ಹೇಳುವುದು ಕಡಿಮೆ. ಎದೆ ಭಾರ, ತಲೆ ಸುತ್ತು, ಮೈಕೈ ನೋವು, ಹೊಟ್ಟೆಯಲ್ಲಿ ಸಂಕಟ ಎನ್ನುತ್ತಾರೆ. ನೋವು ಸುಳ್ಳಲ್ಲ, ಆದರೆ ಅದರ ಬೇರು ಬೇರೆಡೆ ಇರಬಹುದು. ತಿರುಗುಮುರುಗಾಗಿಯೂ ಇರಬಹುದು: ಥೈರಾಯ್ಡ್ ಕೊರತೆ, ರಕ್ತಹೀನತೆ, ಸಕ್ಕರೆ ಕಾಯಿಲೆಯ ಏರುಪೇರು ಕೂಡ ಮನುಷ್ಯನನ್ನು ಮಂಕಾಗಿಸುತ್ತವೆ. ಆದ್ದರಿಂದ ಮೊದಲ ಭೇಟಿಯಲ್ಲೇ ರಕ್ತ ಪರೀಕ್ಷೆ ಬೇಕೇ ಎಂದು ಕೇಳುವುದು ಜಾಣತನ.

ದೂರದ ಮಕ್ಕಳಿಗೆ ಒಂದು ಮಾತು. ಹಬ್ಬದಲ್ಲಿ ನೀವು ಮನೆಯಲ್ಲಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಅಮ್ಮ ಹೂರಣಕ್ಕೆ ಬೆಲ್ಲ ಹಾಕುವುದನ್ನೇ ಮರೆತಿದ್ದರೆ? ಅಪ್ಪ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ್ದರೆ? ನಕ್ಕು ಬಿಟ್ಟಿರುತ್ತೀರಿ. ಅದು ಖಿನ್ನತೆಯೂ ಆಗಿರಬಹುದು, ಮರೆವಿನ ಕಾಯಿಲೆಯ ಆರಂಭವೂ ಆಗಿರಬಹುದು, ಏನೂ ಅಲ್ಲದೆಯೂ ಇರಬಹುದು. ಕಂಡದ್ದನ್ನು ದಿನಾಂಕದೊಂದಿಗೆ ಒಂದು ಹಾಳೆಯಲ್ಲಿ ಬರೆದಿಡಿ. ವೈದ್ಯರಿಗೆ ನಿಮ್ಮ ಆತಂಕಕ್ಕಿಂತ ಆ ಹಾಳೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೆರಿಗೆಯಾಗಿ ತವರಿನಲ್ಲಿರುವ ಬಾಣಂತಿ ಹಬ್ಬದ ಗಲಾಟೆಯ ನಂತರ ನಿದ್ದೆ ಬಿಟ್ಟು ಅಳುತ್ತಿದ್ದರೆ, ಅಸಂಬದ್ಧವಾಗಿ ಮಾತನಾಡುತ್ತಿದ್ದರೆ, ಎರಡು ವಾರದ ಲೆಕ್ಕ ಅನ್ವಯಿಸುವುದಿಲ್ಲ. ಅಜ್ಜಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಸ್ಥಿತಿಗೆ ಇಂದು ಒಳ್ಳೆಯ ಚಿಕಿತ್ಸೆ ಇದೆ, ಆದರೆ ಅದು ತುರ್ತು. ಅದೇ ದಿನ ಕರೆದೊಯ್ಯಿರಿ.

ಎರಡನೆಯದು: ಕೂತಲ್ಲಿಂದಲೇ ಒಂದು ಫೋನ್

14416. ಇದು ಟೆಲಿ ಮನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಎನ್ನದೆ ಕೆಲಸ ಮಾಡುತ್ತದೆ. ಇಡೀ ದೇಶದ ಈ ವ್ಯವಸ್ಥೆಗೆ ನೋಡಲ್ ಸಂಸ್ಥೆ ನಮ್ಮ ನಿಮ್ಹಾನ್ಸ್. ಆ ಸಂಖ್ಯೆ ಸಿಗದಿದ್ದರೆ 1800 891 4416.

ಕರೆ ಮಾಡಿದಾಗ ಮೊದಲು ಧ್ವನಿಮುದ್ರಿತ ಸೂಚನೆ ಬರುತ್ತದೆ, ಭಾಷೆ ಆಯ್ಕೆ ಮಾಡಿಕೊಳ್ಳಬೇಕು. ಕನ್ನಡ ಇದೆ. ನಂತರ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರವರೆಗೂ ಕರೆಯನ್ನು ದಾಟಿಸುತ್ತಾರೆ, ನಿಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ. "ನಮ್ಮ ತಾಯಿ ಹೀಗೆ ಮಾಡುತ್ತಿದ್ದಾರೆ, ನಾನು ಏನು ಮಾಡಲಿ" ಎಂದು ಮಗ ಕೇಳಬಹುದು. ನಾನು ಕೇಳಿದ್ದು ಹಾಗೆಯೇ, ಕಚೇರಿಯ ಮಹಡಿ ಮೆಟ್ಟಿಲ ಮೇಲೆ ಕುಳಿತು. ಮೊದಲ ಎರಡು ನಿಮಿಷ ಏನು ಹೇಳಬೇಕೆಂದು ತೋಚಲಿಲ್ಲ. ಆ ಕಡೆಯ ಹೆಣ್ಣುಮಗಳು ಅವಸರ ಮಾಡಲಿಲ್ಲ. "ಅವರು ಕಡೆಯ ಸಲ ಹೊಟ್ಟೆ ತುಂಬ ಊಟ ಮಾಡಿದ್ದು ಯಾವಾಗ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಕರ್ನಾಟಕದ ಆರೋಗ್ಯ ಸಹಾಯವಾಣಿ 104 ಕೂಡ ಇದೆ. ಆಸ್ಪತ್ರೆ, ವೈದ್ಯರು, ಸರ್ಕಾರಿ ಆರೋಗ್ಯ ಯೋಜನೆಗಳ ಮಾಹಿತಿಗೆ ಅದನ್ನು ಬಳಸಿ. ಅರವತ್ತು ದಾಟಿದವರ ಪಿಂಚಣಿ, ಒಂಟಿತನ, ಮನೆಯವರ ಕಿರುಕುಳ ಮುಂತಾದವಕ್ಕೆ ಹಿರಿಯ ನಾಗರಿಕರ ಸಹಾಯವಾಣಿ 14567. ಮಕ್ಕಳ ವಿಷಯವಾದರೆ 1098.

ಮುಂಬಯಿ, ಪುಣೆ, ಹೈದರಾಬಾದಿನ ಕನ್ನಡಿಗರಿಗೂ 14416 ಒಂದೇ ಸಂಖ್ಯೆ. ಹಬ್ಬ ಮುಗಿಸಿ ಅಮೆರಿಕಕ್ಕೆ ಮರಳಿ, ಅಲ್ಲಿನ ಕತ್ತಲು ಬೇಗ ಕವಿಯುವ ನವೆಂಬರಿನಲ್ಲಿ ಕುಗ್ಗುವವರಿಗೆ ಅಲ್ಲಿಯ 988 ಇದೆ. ಬ್ರಿಟನ್ನಿನಲ್ಲಿ ಸಮಾರಿಟನ್ಸ್ ಸಂಸ್ಥೆಯ 116 123.

ಮೂರನೆಯದು: ತಾಲ್ಲೂಕು ಆಸ್ಪತ್ರೆಯ ಮಂಗಳವಾರ

ನಮ್ಮವರಿಗೆ ಮಾನಸಿಕ ಆರೋಗ್ಯ ಎಂದ ಕೂಡಲೇ ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆ ಕಣ್ಣ ಮುಂದೆ ಬರುತ್ತದೆ. ಅಲ್ಲಿಗೆ ಹೋಗಲು ರಜೆ, ಬಸ್ಸು, ಜೊತೆಗೊಬ್ಬರು, ಉಳಿಯಲೊಂದು ಮನೆ. ಇಷ್ಟೆಲ್ಲ ಹೊಂದಿಸಲಾಗದೆ ಹೋಗುವುದನ್ನೇ ಮುಂದೂಡುತ್ತೇವೆ. ಇಲ್ಲಿ ಸ್ವಲ್ಪ ಚರಿತ್ರೆ ಹೇಳದೆ ವಿಧಿಯಿಲ್ಲ.

ದೊಡ್ಡ ಆಸ್ಪತ್ರೆಗೆ ಹಳ್ಳಿಯವರು ಬರಲಾಗದಿದ್ದರೆ ಚಿಕಿತ್ಸೆಯೇ ಹಳ್ಳಿಗೆ ಹೋಗಲಿ ಎಂದು ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಯೋಗ ಶುರುಮಾಡಿದರು. 1980ರ ದಶಕದಲ್ಲಿ ಅದನ್ನು ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ಮಾಡಿದರು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾತ್ರೆ ಅಲ್ಲಿಯೇ ಸಿಗುವಂತೆ ಮಾಡುವ ಕ್ರಮ. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದೇಶ ನಮ್ಮಿಂದ ಕಲಿತ ಪಾಠ ಇದು. ಆದರೂ ನಮ್ಮ ಕುಟುಂಬದಲ್ಲಿ ಮೂವರು ಪದವೀಧರರಿದ್ದು ಒಬ್ಬರಿಗೂ ಗೊತ್ತಿರಲಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಗೆ ತಕ್ಕಂತೆ ಚಿಕಿತ್ಸೆ ಸಿಗದವರ ಪಾಲು ಶೇ 70ರಿಂದ 92. ಅದರಲ್ಲಿ ನಮ್ಮಂಥ ಗೊತ್ತಿಲ್ಲದವರದ್ದೂ ಒಂದು ಪಾಲು ಇರಲೇಬೇಕು.

ಈಗ ಮಾಡಬೇಕಾದದ್ದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನಗರದಲ್ಲಿದ್ದರೆ ನಿಮ್ಮ ವಾರ್ಡಿನ ನಮ್ಮ ಕ್ಲಿನಿಕ್ ಇದೆ. ಅಲ್ಲಿನ ವೈದ್ಯರು ಪ್ರಾಥಮಿಕವಾಗಿ ನೋಡಿ, ಬೇಕಾದರೆ ಮುಂದಕ್ಕೆ ಕಳುಹಿಸುತ್ತಾರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ತಿಂಗಳಿನ ಎಷ್ಟನೆಯ ಮಂಗಳವಾರ, ಎಷ್ಟು ಗಂಟೆಗೆ ಎಂಬುದನ್ನು ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ. ಕೇಳದೆ ಹೋಗಿ "ಇವತ್ತು ಡಾಕ್ಟರು ರಜೆ" ಎಂಬ ಮಾತು ಕೇಳಿದರೆ, ಕಷ್ಟಪಟ್ಟು ಒಪ್ಪಿಸಿ ಕರೆತಂದವರು ಇನ್ನೊಮ್ಮೆ ಬರುವುದಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರು ಇರಬೇಕೆಂಬುದು ನಿಯಮ. ಹುದ್ದೆಗಳು ಖಾಲಿ ಇರುವುದೂ ಉಂಟು, ಸುಳ್ಳು ಹೇಳುವುದಿಲ್ಲ. ಆದರೂ ಮೊದಲ ಬಾಗಿಲು ಅದೇ ಆಗಲಿ.

ಹೋಗುವಾಗ ಕೈಚೀಲದಲ್ಲಿ ಆಧಾರ್, ಪಡಿತರ ಚೀಟಿ, ಹಳೆಯ ರಕ್ತ ಪರೀಕ್ಷೆಯ ವರದಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆ ಇರಲಿ. ಬಿಪಿ, ಸಕ್ಕರೆಯ ಮಾತ್ರೆಗಳಷ್ಟೇ ಅಲ್ಲ, ನಾಟಿ ಔಷಧಿಯೂ ಸೇರಿ. ನೀರಿನ ಬಾಟಲಿ, ಬಿಸ್ಕತ್ತು ಮರೆಯಬೇಡಿ. ಸರದಿ ಉದ್ದವಿರುತ್ತದೆ.

ಒಪ್ಪಿಸುವುದು

ನಿಜವಾದ ಕಷ್ಟ ಇಲ್ಲಿದೆ. "ನನಗೇನು ಹುಚ್ಚೇ?" ಎಂಬ ಒಂದು ಪ್ರಶ್ನೆಯ ಮುಂದೆ ಮನೆಯವರೆಲ್ಲ ತಲೆ ತಗ್ಗಿಸುತ್ತಾರೆ.

ನಮಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. ಕಾಯಿಲೆಯ ಹೆಸರು ಹೇಳಲಿಲ್ಲ. ನಿದ್ದೆಯ ವಿಷಯ ಎತ್ತಿದೆವು, ಏಕೆಂದರೆ ನಿದ್ದೆ ಬರುತ್ತಿಲ್ಲ ಎಂಬುದನ್ನು ದೊಡ್ಡಮ್ಮನೇ ಒಪ್ಪಿಕೊಂಡಿದ್ದರು. "ನಿದ್ದೆಗೆ ಒಬ್ಬರು ಡಾಕ್ಟರು ಬರುತ್ತಾರಂತೆ, ಒಮ್ಮೆ ತೋರಿಸೋಣ ಬನ್ನಿ." ಇದು ಮೋಸವಲ್ಲ. ನಿದ್ದೆಯೂ ಅವರ ಚಿಕಿತ್ಸೆಯ ಭಾಗವೇ. ಬೇರೆ ಯಾವುದೋ ಊರಿಗೆಂದು ಸುಳ್ಳು ಹೇಳಿ ಕರೆದೊಯ್ದು ಮನೋವೈದ್ಯರ ಮುಂದೆ ಕೂರಿಸುವುದು ಮಾತ್ರ ಬೇಡ. ಆಮೇಲೆ ಅವರು ವೈದ್ಯರನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ.

ಊರಿನಲ್ಲಿ ಯಾರೋ ದೃಷ್ಟಿಯಾಗಿದೆ ಎಂದರು. ದೊಡ್ಡಪ್ಪ ನಿವಾಳಿಸಿದರು, ಹರಕೆಯನ್ನೂ ಹೊತ್ತರು. ನನ್ನ ತಂಗಿ ಅದಕ್ಕೆ ಜಗಳ ಮಾಡಲು ಹೊರಟಳು, ಬೇಡವೆಂದು ತಡೆದೆ. ಹರಕೆ ಮಾತ್ರೆಗೆ ಅಡ್ಡಬರುವುದಿಲ್ಲ. ಮಾತ್ರೆ ನಿಲ್ಲಿಸು ಎಂದು ಹೇಳುವವರು, ಹೊಡೆಯುವವರು, ಕಟ್ಟಿಹಾಕುವವರು ಬಂದರೆ ಆಗ ಜಗಳವಾಡಿ, ಗಟ್ಟಿಯಾಗಿಯೇ ಆಡಿ.

ಊರಿಗೆ ಗೊತ್ತಾದರೆ ಮೊಮ್ಮಗಳ ಮದುವೆಗೆ ತೊಂದರೆ ಎಂಬ ಭಯಕ್ಕೆ ಉತ್ತರ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಮಾಹಿತಿ ಗೋಪ್ಯ. ಅದನ್ನು ಕಂಡಕಂಡವರಿಗೆ ಹೇಳುವ ಹಕ್ಕು ಆಸ್ಪತ್ರೆಗಿಲ್ಲ. ದೇಹದ ಕಾಯಿಲೆಗೆ ಇರುವಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಸಾಮಾನ್ಯ ಪಾಲಿಸಿಗಳು ದಾಖಲಾದರೆ ಮಾತ್ರ ಹಣ ಕೊಡುತ್ತವೆ, ಹೊರರೋಗಿ ವೆಚ್ಚ ಹೆಚ್ಚಾಗಿ ಕೈಯಿಂದಲೇ. ಪಾಲಿಸಿಯ ಸಣ್ಣ ಅಕ್ಷರ ಓದಿ.

ದೊಡ್ಡ ಆಸ್ಪತ್ರೆ, ಖಾಸಗಿ ಕ್ಲಿನಿಕ್

ತಾಲ್ಲೂಕಿನಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲೆಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಮನೋರೋಗ ವಿಭಾಗಗಳಿವೆ. ಬೆಂಗಳೂರಿನಲ್ಲಿರುವ ಯುವಕರು, ಹಬ್ಬ ಮುಗಿಸಿ ಬಾಡಿಗೆ ಕೋಣೆಗೆ ಮರಳಿ ಗೋಡೆ ನೋಡುತ್ತ ಕೂರುವವರು, ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್ ನಡೆಸುವ ಸೌಖ್ಯ ಕೇಂದ್ರವನ್ನು ವಿಚಾರಿಸಬಹುದು. ಆಸ್ಪತ್ರೆಯ ವಾತಾವರಣವಿಲ್ಲದೆ ಸಮಾಲೋಚನೆ ಪಡೆಯಲೆಂದೇ ಅದನ್ನು ಮಾಡಿದ್ದಾರೆ.

ಖಾಸಗಿಯಾಗಿ ಹೋಗುವವರು ಫಲಕವನ್ನು ಸರಿಯಾಗಿ ಓದಿ. ಮನೋವೈದ್ಯರೆಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಇಂಗ್ಲಿಷ್ ಔಷಧಿ ಬರೆದುಕೊಡುವವರು ಇವರು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ, ಪರೀಕ್ಷೆಗಳನ್ನು ಮಾಡುವವರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಸಂಖ್ಯೆ ಕೇಳಿದರೆ ಸಿಟ್ಟಾಗುವವರ ಬಳಿ ಹೋಗಬೇಡಿ. ಒಂದು ವಾರದ ತರಬೇತಿ ಮುಗಿಸಿ ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಂಡವರು ಈಗ ಬೇಕಾದಷ್ಟಿದ್ದಾರೆ.

ಸಂಕಟದ ಬೇರು ಬೇರೆಡೆ ಇದ್ದಾಗ

ಕೆಲವೊಮ್ಮೆ ಮನಸ್ಸು ಕುಗ್ಗಲು ಎದುರಿಗೇ ಕಾರಣ ಇರುತ್ತದೆ. ಹೊಸ ಅಳಿಯನ ಮೊದಲ ದೀಪಾವಳಿಗೆ ಉಂಗುರ, ಬಟ್ಟೆ, ಬೀಗರ ಊಟ ಎಂದು ಸಂಘದ ಸಾಲ ಎತ್ತಿರುತ್ತಾರೆ. ಹಬ್ಬದ ಮರುವಾರ ಕಂತಿನವರು ಬಾಗಿಲಲ್ಲಿ. ಇಲ್ಲಿ ಮಾತ್ರೆಯೊಂದೇ ಸಾಲದು. ಮೈಕ್ರೋ ಫೈನಾನ್ಸ್‌ನವರು ಬೆದರಿಸಿ ವಸೂಲಿ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಕಿರುಕುಳವಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಉಚಿತ ಕಾನೂನು ನೆರವಿಗೆ 15100, ಅಥವಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿ.

ಮನೆಯಲ್ಲಿ ಹೊಡೆತ, ಬೈಗುಳ ಇದ್ದರೆ ಮಹಿಳಾ ಸಹಾಯವಾಣಿ 181, ತಾಲ್ಲೂಕಿನ ಸಾಂತ್ವನ ಕೇಂದ್ರ, ಜಿಲ್ಲೆಯ ಸಖಿ ಕೇಂದ್ರ. ಹೆಂಗಸರ ವಿಷಯದಲ್ಲಿ ಇನ್ನೊಂದು: ಎಲ್ಲರೂ ರಜೆ ಕಳೆದ ಹಬ್ಬದಲ್ಲಿ ಅವರು ಮಾತ್ರ ದಿನಕ್ಕೆ ಹದಿನಾರು ಗಂಟೆ ದುಡಿದಿರುತ್ತಾರೆ. ಆ ಸುಸ್ತಿಗೆ ಆಪ್ತಸಮಾಲೋಚಕರಿಗಿಂತ ಮೊದಲು ಪಾತ್ರೆ ತೊಳೆಯುವ ಗಂಡಸರು ಬೇಕು.

ಕುಡಿತದ ಬಗ್ಗೆ ಎಚ್ಚರಿಕೆಯೊಂದು. ದೀಪಾವಳಿ ಕಳೆದು ಕಾರ್ತಿಕ ಬಂತೆಂದರೆ ಅನೇಕರು ಅಯ್ಯಪ್ಪ ಮಾಲೆ ಹಾಕುತ್ತಾರೆ. ವರ್ಷವಿಡೀ ದಿನವೂ ಕುಡಿದವರು ಅಂದಿನಿಂದ ಒಮ್ಮೆಲೇ ನಿಲ್ಲಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ವಿಪರೀತ ಕುಡಿತಕ್ಕೆ ಒಗ್ಗಿದ ದೇಹ ಒಮ್ಮೆಲೇ ನಿಲ್ಲಿಸಿದಾಗ ಎರಡು ಮೂರು ದಿನಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಜೀವಕ್ಕೂ ಅಪಾಯ. ಸ್ವಾಮಿ ಮೈಮೇಲೆ ಬಂದರು ಎಂದು ಕೈಮುಗಿದು ಕೂರದೆ ಆಸ್ಪತ್ರೆಗೆ ಸೇರಿಸಿ. ಮಾಲೆ ಹಾಕುವ ಮೊದಲೇ ವೈದ್ಯರನ್ನು ಕಂಡರೆ ನಡುಕ ತಡೆಯುವ ಔಷಧಿ ಕೊಡುತ್ತಾರೆ, ವ್ರತವೂ ಉಳಿಯುತ್ತದೆ. ಚಟ ಬಿಡಿಸುವ ನೆರವಿಗೆ 14446.

ಕಾಯಬಾರದ ಹೊತ್ತು

"ಇನ್ನು ಸಾಕು", "ನಾನು ಹೋದರೆ ನಿಮಗೆಲ್ಲ ನೆಮ್ಮದಿ" ಎಂಬ ಮಾತು ಬಂದರೆ, ಒಡವೆ ಪತ್ರಗಳನ್ನು ಇದ್ದಕ್ಕಿದ್ದಂತೆ ಹಂಚತೊಡಗಿದರೆ, ನೇರವಾಗಿ ಕೇಳಿ: "ಸಾಯಬೇಕು ಅನಿಸುತ್ತಿದೆಯೇ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ಕಲ್ಪನೆ. ಕೇಳಿದವರ ಮುಂದೆ ಜನ ಅಳುತ್ತಾರೆ, ಹಗುರಾಗುತ್ತಾರೆ. ಹೌದು ಎಂದರೆ ಉಪದೇಶ ಬೇಡ, ದೇವರ ಆಣೆ ಹಾಕಿಸಿಕೊಳ್ಳುವುದೂ ಬೇಡ. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ಆ ಗಳಿಗೆಯಲ್ಲೇ ಬೇರೆ ಮನೆಗೆ ಸಾಗಿಸಿ. 14416ಕ್ಕೆ ಕರೆ ಮಾಡಿ. ಅಪಾಯ ಎದುರಿಗೇ ಇದ್ದರೆ 112 ಅಥವಾ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಪೊಲೀಸ್ ಕೇಸಾಗುತ್ತದೆಂದು ಹೆದರಿ ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂಬುದು 2017ರ ಕಾಯ್ದೆಯ ನಿಲುವು.

ಮೊದಲ ಭೇಟಿಯ ನಂತರ

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ದೊಡ್ಡಮ್ಮನ ಜೊತೆ ಮಾತನಾಡಿದ್ದು ಹದಿನೈದು ನಿಮಿಷ. ಅಷ್ಟರಲ್ಲಿ ಮಕ್ಕಳು ಹೊರಟ ದಿನದ ಕಥೆಯೆಲ್ಲ ಹೊರಬಂತು. ಖಿನ್ನತೆ ಎಂದರು, ಒಂದು ಮಾತ್ರೆ ಬರೆದರು, ಆಸ್ಪತ್ರೆಯಲ್ಲೇ ಉಚಿತವಾಗಿ ಸಿಕ್ಕಿತು. ದಿನಾ ಬೆಳಿಗ್ಗೆ ದೇವಸ್ಥಾನದವರೆಗೆ ನಡೆದು ಬರಬೇಕೆಂದರು.

ಖಿನ್ನತೆಯ ಮಾತ್ರೆಗಳು ಜ್ವರದ ಮಾತ್ರೆಯಂತೆ ಅಂದೇ ಕೆಲಸ ತೋರಿಸುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ಮಂಪರು ಇರಬಹುದು. ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಇನ್ನೂ ಕೆಲವರು ಗುಣವಾದ ಕೂಡಲೇ ಬಿಡುತ್ತಾರೆ. ಎರಡೂ ತಪ್ಪು, ನಿಲ್ಲಿಸುವುದನ್ನು ವೈದ್ಯರೇ ಹಂತಹಂತವಾಗಿ ಮಾಡಬೇಕು. ನಾವು ನಾಲ್ವರು ಮಕ್ಕಳು ದಿನ ಹಂಚಿಕೊಂಡೆವು. ರಾತ್ರಿ ಎಂಟಕ್ಕೆ ಒಬ್ಬರ ಫೋನ್. "ಹೇಗಿದ್ದೀರಿ" ಎಂದು ಕೇಳುವುದನ್ನು ಬಿಟ್ಟೆವು, ಅದಕ್ಕೆ ಒಂದೇ ಉತ್ತರ ಬರುತ್ತದೆ. "ಇವತ್ತು ಏನು ಸಾರು ಮಾಡಿದಿರಿ?" ಎಂದು ಕೇಳತೊಡಗಿದೆವು. ಮೊದಲ ವಾರ "ಏನೋ ಒಂದು" ಎನ್ನುತ್ತಿದ್ದರು. ಮೂರನೆಯ ವಾರ ಬಸ್ಸಾರಿಗೆ ದಂಟಿನ ಸೊಪ್ಪು ಎಳೆಯದು ಸಿಗಲಿಲ್ಲವೆಂದು ಸೊಪ್ಪಿನವಳನ್ನು ಐದು ನಿಮಿಷ ಬೈದರು.

ಮುಂದಿನ ಭೇಟಿಯ ತಾರೀಖನ್ನು ಚೀಟಿಯ ಮೇಲೆ ಬರೆದಿದ್ದರು: ಜನವರಿ 14, ಮಂಗಳವಾರ. ಹಿಂದಿನ ವಾರ ದೊಡ್ಡಮ್ಮ ತಾವೇ ಆಸ್ಪತ್ರೆಗೆ ಫೋನ್ ಮಾಡಿ ತಗಾದೆ ತೆಗೆದರಂತೆ. ಅಂದು ಸಂಕ್ರಾಂತಿ, ಕೇರಿಯ ಮಕ್ಕಳೆಲ್ಲ ಎಳ್ಳಿಗೆ ಬರುತ್ತಾರೆ, ಆ ದಿನ ಬರಲು ಆಗುವುದಿಲ್ಲ, ಬೇರೆ ದಿನ ಕೊಡಿ ಎಂದು.